ಲೈನ್ ಕ್ಲಿಯರ್ ಪಡೆಯದೆ 11 ಕೆ.ವಿ. ತಂತಿಯ ಪಕ್ಕದಲ್ಲಿ ಕೆಲಸಗಾರರನ್ನು ಮರ ಹತ್ತಿಸಿದ ಬಗ್ಗೆ ದೂರು

ಇವರಿಂದ:
ಕಾರ್ಯದರ್ಶಿ, ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ,
ಮಲ್ಲೇಶ್ವರ, ಬೆಂಗಳೂರು

ಇವರಿಗೆ:
ವ್ಯವಸ್ಥಾಪಕರು,
ಮರ ಕಟಾವು ಮತ್ತು ಉದ್ಯಾನ ನಿರ್ವಹಣಾ ಸಂಸ್ಥೆ, ಬೆಂಗಳೂರು

ಮಾನ್ಯರೇ,

ನಮ್ಮ ಕಾಂಪೌಂಡಿಗೆ ತಾಗಿ ಬೆಳೆದಿರುವ ಮಳೆಮರದ ಟೊಂಗೆಗಳು ರಸ್ತೆಬದಿಯ ವಿದ್ಯುತ್ ತಂತಿಗಳ ಮೇಲೆ ಬಾಗಿದ್ದರಿಂದ, ಮಳೆಗಾಳಿ ಜೋರಾಗುವ ಮೊದಲೇ ಅವನ್ನು ಸವರಿಸಬೇಕೆಂದು ನಿಮ್ಮ ಸಂಸ್ಥೆಗೆ ಕೆಲಸ ಒಪ್ಪಿಸಿದ್ದೆವು. ಟೊಂಗೆ ಸವರಲು ವೃಕ್ಷಾಧಿಕಾರಿಗಳ ಅನುಮತಿ ನಮ್ಮಲ್ಲಿತ್ತು. ವಿದ್ಯುತ್ ವಿತರಣಾ ಕಂಪನಿಯಿಂದ ಲೈನ್ ಕ್ಲಿಯರ್ (ತಂತಿಯ ವಿದ್ಯುತ್ ನಿಲ್ಲಿಸಿ ಕೆಲಸಕ್ಕೆ ಕೊಡುವ ಲಿಖಿತ ಅನುಮತಿ) ಪಡೆಯುವ ಹೊಣೆ ನಿಮ್ಮದೆಂದು ನಿಮ್ಮದೇ ದರಪಟ್ಟಿಯಲ್ಲಿ ಬರೆದಿದ್ದು, ಅದಕ್ಕೆಂದು ಬೇರೆ ಮೊತ್ತವನ್ನೂ ಸೇರಿಸಿದ್ದಿರಿ. ಕಳೆದ ಶನಿವಾರ ಬೆಳಿಗ್ಗೆ ಬಂದ ನಿಮ್ಮ ತಂಡದ ಬಳಿ ಅಂಥ ಯಾವ ಕಾಗದವೂ ಇರಲಿಲ್ಲ. ಅಂದು ಯಾರ ಜೀವವೂ ಹೋಗಲಿಲ್ಲ, ಆದರೆ ಅದರಲ್ಲಿ ನಿಮ್ಮ ಸಂಸ್ಥೆಯ ಮುನ್ನೆಚ್ಚರಿಕೆಯ ಪಾಲು ಏನೂ ಇಲ್ಲದ ಕಾರಣ ಈ ದೂರನ್ನು ಲಿಖಿತವಾಗಿ ಸಲ್ಲಿಸುತ್ತಿದ್ದೇನೆ.

ನಿಮ್ಮ ಮೇಲ್ವಿಚಾರಕರು ನಮ್ಮ ಮೀಟರ್ ಕೋಣೆಗೆ ಹೋಗಿ ಮೇನ್ ಸ್ವಿಚ್ ಇಳಿಸಿ ಬಂದು, "ಕರೆಂಟ್ ತೆಗ್ದಾಯ್ತು, ಹತ್ರೋ" ಎಂದು ಹುಡುಗರಿಗೆ ಹೇಳಿದರು. ಮೇನ್ ಸ್ವಿಚ್ ಇಳಿಸಿದರೆ ನಮ್ಮ ಕಟ್ಟಡದ ದೀಪ, ಪಂಪು, ಲಿಫ್ಟು ನಿಲ್ಲುತ್ತವೆಯೇ ಹೊರತು ರಸ್ತೆಯ ತಂತಿಗೆ ಏನೂ ಆಗುವುದಿಲ್ಲ. ಆ ಕಂಬದಲ್ಲಿ ಮನೆಗಳಿಗೆ ಹೋಗುವ ಎಲ್.ಟಿ. (ಕಡಿಮೆ ವೋಲ್ಟಿನ) ತಂತಿಗಳು ಕೆಳಗಿವೆ; ತುದಿಯ ಅಡ್ಡಪಟ್ಟಿಯಲ್ಲಿರುವುದು 11 ಕೆ.ವಿ., ಅಂದರೆ 11,000 ವೋಲ್ಟಿನ ತಂತಿಗಳು. ಟ್ರಾನ್ಸ್‌ಫಾರ್ಮರಿನ ಬಳಿ ಎಲ್.ಟಿ. ಫ್ಯೂಸ್ ಕಿತ್ತು ಇಡೀ ಬೀದಿಯನ್ನು ಕತ್ತಲು ಮಾಡಿದರೂ ಮೇಲಿನ ಆ ಮೂರು ತಂತಿಗಳು ಚಾಲೂ ಆಗಿಯೇ ಇರುತ್ತವೆ. ಅವು ಯಾವ ಹೊದಿಕೆಯೂ ಇಲ್ಲದ ಬರಿಯ ಲೋಹದ ತಂತಿಗಳು. ಹಸಿ ಟೊಂಗೆಯ ಮೂಲಕ, ಅದರಲ್ಲೂ ಮಳೆಯಲ್ಲಿ ನೆನೆದ ಟೊಂಗೆಯ ಮೂಲಕ, ಅವುಗಳಿಂದ ವಿದ್ಯುತ್ ಹರಿದು ಬರಬಲ್ಲದು ಎಂಬುದು ಮರ ಕಡಿಯುವುದನ್ನೇ ಕಸುಬಾಗಿ ಮಾಡಿಕೊಂಡ ಸಂಸ್ಥೆಗೆ ನಾವು ಹೇಳಿಕೊಡಬೇಕಾದ ಸಂಗತಿಯಲ್ಲ.

ಹೀಗೆ "ಕರೆಂಟ್ ತೆಗೆದ" ಮೇಲೆ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನನ್ನು ಅಲ್ಯುಮಿನಿಯಂ ಏಣಿ ಇಟ್ಟು ಹತ್ತಿಸಲಾಯಿತು. ಕಾಲಿಗೆ ಹವಾಯಿ ಚಪ್ಪಲಿ, ಕೈಗೆ ಗಾರೆ ಕೆಲಸದವರು ಹಾಕಿಕೊಳ್ಳುವ ನೂಲಿನ ಗ್ಲೌಸು, ಸೊಂಟಕ್ಕೆ ರಾತ್ರಿಯ ಮಳೆಯಲ್ಲಿ ತೊಯ್ದ ಹಗ್ಗ, ದೂರದ ರೆಂಬೆ ಎಳೆಯಲು ಕಬ್ಬಿಣದ ಪೈಪಿನ ತುದಿಗೆ ಕುಡುಗೋಲು ಬಿಗಿದ ದೋಟಿ. ಅವನು ಅರ್ಧ ಕೊಯ್ದ ಟೊಂಗೆ ತನ್ನ ತೂಕಕ್ಕೇ ಜಗ್ಗಿ 11 ಕೆ.ವಿ. ತಂತಿಗೆ ತಾಗಿತು. ಕಣ್ಣು ಕೋರೈಸುವ ನೀಲಿ ಬೆಳಕಿನೊಡನೆ ದೊಡ್ಡ ಸದ್ದಾಗಿ, ಎಲೆಗಳು ಸುಟ್ಟು ಉದುರಿ, ಎದುರಿನ ದಿನಸಿ ಅಂಗಡಿಯ ದೀಪ ಆರಿತು. ಹುಡುಗ ಆ ಹೊತ್ತಿಗೆ ಟೊಂಗೆ ಬಿಟ್ಟು ಕವಲಿನಾಚೆ ಸರಿದಿದ್ದರಿಂದ ಉಳಿದುಕೊಂಡ.

ಇದಕ್ಕಿಂತ ಗಂಭೀರವಾದದ್ದು ಆಮೇಲೆ ನಡೆಯಿತು. ನಿಮ್ಮ ಮೇಲ್ವಿಚಾರಕರು, "ಈಗ ಪೂರ್ತಿ ಹೋಯ್ತು, ಬೇಗ ಎಳ್ದುಬಿಡು" ಎಂದು ಕೆಳಗಿನಿಂದ ಕೂಗಿದರು. ಫೀಡರ್ (ಉಪಕೇಂದ್ರದಿಂದ ಬರುವ 11 ಕೆ.ವಿ. ಲೈನ್) ದೋಷದಿಂದ ತಾನಾಗಿಯೇ ಕಡಿತಗೊಂಡು ಟ್ರಿಪ್ ಆಗುವುದಕ್ಕೂ ಲೈನ್ ಬಂದ್ ಮಾಡುವುದಕ್ಕೂ ಅಜಗಜಾಂತರವಿದೆ. ಟೊಂಗೆ ತಾಗಿ ಆಗುವ ದೋಷಗಳು ಬಹಳಷ್ಟು ಸಲ ಕ್ಷಣಿಕವಾಗಿರುವುದರಿಂದ, ಟ್ರಿಪ್ ಆದ ಲೈನನ್ನು ಉಪಕೇಂದ್ರದಿಂದ ಮತ್ತೆ ಚಾರ್ಜ್ ಮಾಡಿ ನೋಡುವುದು ವಾಡಿಕೆ. ಮರದ ಮೇಲೆ ಮನುಷ್ಯನಿದ್ದಾನೆಂದು ಯಾರೂ ತಿಳಿಸದಿರುವಾಗ ಅಲ್ಲಿರುವ ಸಿಬ್ಬಂದಿಗೆ ಅದು ಗೊತ್ತಾಗುವ ಬಗೆಯಾದರೂ ಹೇಗೆ? ನಾನೂ ನಮ್ಮ ಕಾವಲುಗಾರರೂ ಗದರಿಸಿ ಹುಡುಗನನ್ನು ಇಳಿಸಿದೆವು. ಅವನು ಏಣಿಯಿಂದ ದೂರ ಬಂದು ನೀರು ಕುಡಿಯುತ್ತಿದ್ದಾಗ ಅಂಗಡಿಯ ದೀಪ ಹತ್ತಿತು, ಆ ಟೊಂಗೆಯಿಂದ ಮತ್ತೆ ಕಿಡಿ ಸಿಡಿಯಿತು, ದೀಪ ಆರಿತು. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿದ ಮೇಲೆ ಲೈನ್‌ಮನ್‌ಗಳು ಬಂದು, ಲೈನ್ ಬಂದ್ ಮಾಡಿಸಿ, ಅರ್ಥಿಂಗ್ ರಾಡ್ (ತಂತಿಗೆ ಭೂಸಂಪರ್ಕ ಕೊಡುವ ಸರಳು) ಹಾಕಿ ಟೊಂಗೆ ತೆಗೆದರು.

ಅವರು ಪಾಲಿಸಿದ ಆ ಕ್ರಮವನ್ನೇ ನೀವು ಮೊದಲು ಪಾಲಿಸಬೇಕಾಗಿತ್ತು. ಲೈನ್ ಕ್ಲಿಯರನ್ನು ಅಧಿಕಾರವುಳ್ಳ ಒಬ್ಬರ ಹೆಸರಿನಲ್ಲಿ ಪಡೆದು, ತಂತಿ ನಿರ್ಜೀವವಾಗಿದೆಯೆಂದು ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿಯಲ್ಲಿ ಭೂಸಂಪರ್ಕ ಕೊಟ್ಟ ಬಳಿಕವೇ ಜನ ಹತ್ತಬೇಕು. ಎಲ್ಲರೂ ಇಳಿದು ರಾಡ್ ತೆಗೆದ ಬಳಿಕವೇ ಲೈನ್ ಕ್ಲಿಯರನ್ನು ಹಿಂದಿರುಗಿಸಬೇಕು. ಮನೆಮನೆಗೂ ಜನರೇಟರ್, ಯುಪಿಎಸ್ ಇರುವ ನಮ್ಮ ಬಡಾವಣೆಯಲ್ಲಿ ಭೂಸಂಪರ್ಕ ಇನ್ನೂ ಹೆಚ್ಚು ಅಗತ್ಯ, ಏಕೆಂದರೆ ಚೇಂಜ್‌ಓವರ್ ಸ್ವಿಚ್ (ಜನರೇಟರನ್ನು ಹೊರಗಿನ ಲೈನಿನಿಂದ ಬೇರ್ಪಡಿಸುವ ಸ್ವಿಚ್) ಇಲ್ಲದೆ ಜೋಡಿಸಿದ ಒಂದು ಜನರೇಟರಿನ ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಮೂಲಕ ಹಿಮ್ಮುಖವಾಗಿ ಹರಿದು ಮೇಲಿನ ತಂತಿಗೆ ಸಾವಿರಾರು ವೋಲ್ಟ್ ತುಂಬಬಲ್ಲದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೂ ಇದನ್ನೇ ವಿಧಿಸುತ್ತವೆ. ನಿಮ್ಮ ಕರಪತ್ರದಲ್ಲಿ "ಅಂತಾರಾಷ್ಟ್ರೀಯ ಗುಣಮಟ್ಟ" ಎಂದು ಅಚ್ಚು ಹಾಕಿಸಿರುವುದರಿಂದ ಇದನ್ನೂ ಹೇಳುತ್ತೇನೆ: ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯಾದ ಓಶಾದ ನಿಯಮದಂತೆ, ತರಬೇತಿಯಿಲ್ಲದ ಕೆಲಸಗಾರ ಚಾಲೂ ಇರುವ ಇಂಥ ತಂತಿಯಿಂದ ಕನಿಷ್ಠ 10 ಅಡಿ ದೂರದಲ್ಲಿರಬೇಕು, ಅವನ ಕೈಯಲ್ಲಿರುವ ಲೋಹದ ಉಪಕರಣವೂ ಸೇರಿ.

ಫೋನಿನಲ್ಲಿ ಕೇಳಿದಾಗ ನಿಮ್ಮ ಕಚೇರಿಯವರು, "ಎಷ್ಟೋ ವರ್ಷದಿಂದ ಹೀಗೇ ಮಾಡ್ತಿದೀವಿ ಸಾರ್, ಏನೂ ಆಗಿಲ್ಲ" ಎಂದರು. ಅಪಾಯ ನಿಮ್ಮ ಕೂಲಿಯವರಿಗೆ ಮಾತ್ರ ಮೀಸಲಾದದ್ದೂ ಅಲ್ಲ. ಅಂದು ತಂತಿ ತುಂಡಾಗಿ ಪಾದಚಾರಿ ಮಾರ್ಗದ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು 2023ರ ನವೆಂಬರಿನಲ್ಲಿ ಕಾಡುಗೋಡಿಯಲ್ಲಿ ತಾಯಿ ಮತ್ತು ಹಸುಗೂಸು ತಂತಿ ತುಳಿದು ಸತ್ತಾಗಲೇ ಈ ಊರು ನೋಡಿದೆ.

ಆದುದರಿಂದ, ಲೈನ್ ಕ್ಲಿಯರಿಗೆಂದು ಹಣ ಹಾಕಿಯೂ ಅದನ್ನು ಏಕೆ ಪಡೆಯಲಿಲ್ಲ, ಆ ಮೇಲ್ವಿಚಾರಕರಿಗೆ ವಿದ್ಯುತ್ ಸುರಕ್ಷತೆಯ ಯಾವ ತರಬೇತಿ ಕೊಡಲಾಗಿದೆ, ಮರ ಹತ್ತುವವರಿಗೆ ಇ.ಎಸ್.ಐ. ಅಥವಾ ಅಪಘಾತ ವಿಮೆ ಇದೆಯೇ ಎಂಬುದಕ್ಕೆ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕಾಗಿ ಕೋರುತ್ತೇನೆ. ಕೆಲಸ ನಿಂತಿದ್ದಕ್ಕೆ ಆ ಹುಡುಗನ ಅರ್ಧ ದಿನದ ಕೂಲಿ ಹಿಡಿಯುವುದಾಗಿ ಮೇಲ್ವಿಚಾರಕರು ನಮ್ಮೆದುರೇ ಹೇಳಿದ್ದಾರೆ. ಅದನ್ನು ಪೂರ್ತಿ ಕೊಟ್ಟಿರುವುದಕ್ಕೆ ಅವನ ಸಹಿಯುಳ್ಳ ರಸೀದಿಯನ್ನು ಉತ್ತರದ ಜೊತೆ ಲಗತ್ತಿಸಿ. ಉಳಿದ ಟೊಂಗೆಗಳನ್ನು ಸವರಲು ಬರುವ ದಿನ ಲೈನ್ ಕ್ಲಿಯರಿನ ಪ್ರತಿಯನ್ನು ಮೊದಲು ನಮ್ಮ ಗೇಟಿನಲ್ಲಿ ತೋರಿಸಬೇಕು, ಇಲ್ಲವಾದರೆ ಏಣಿ ಒಳಗೆ ಬಿಡಬಾರದೆಂದು ಕಾವಲುಗಾರರಿಗೆ ಸೂಚಿಸಲಾಗಿದೆ. ಅಲ್ಲಿಯವರೆಗೆ ಬಾಕಿ ಹಣ ಪಾವತಿಯಾಗುವುದಿಲ್ಲ. ಈ ಪತ್ರದ ಒಂದು ಪ್ರತಿಯನ್ನು ವಿದ್ಯುತ್ ಪರಿವೀಕ್ಷಕರ ಕಚೇರಿಗೂ ಕಳುಹಿಸಲಾಗಿದೆ.

ಇಂತಿ,
ಕಾರ್ಯದರ್ಶಿ,
ನಿವಾಸಿಗಳ ಸಂಘದ ಪರವಾಗಿ