ಭಾನುವಾರದ ಚರ್ಚೆ: ಸರ್ ಜೆಫ್ರಿ ಲಟ್ರೆಲ್ ಮತ್ತು ಅವನ ಕುಟುಂಬ

ಬಳಗದ ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಸಂಜೆ 6 ಗಂಟೆಗೆ ನಡೆಯುವ ನಮ್ಮ ಆನ್‌ಲೈನ್ ಕೂಟದಲ್ಲಿ, ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತ್ಯದ ಇರ್ನಮ್ ಗ್ರಾಮದ ನೈಟ್ ಹಾಗೂ ಭೂಮಾಲೀಕ ಸರ್ ಜೆಫ್ರಿ ಲಟ್ರೆಲ್‌ನ (1276–1345) ಬದುಕು ಮತ್ತು ಕುಟುಂಬದ ಬಗ್ಗೆ ಚರ್ಚಿಸಲಿದ್ದೇವೆ.

ಭಾಗವಹಿಸುವವರೆಲ್ಲರೂ, ಅವನು ಬರೆಸಿದ ಮತ್ತು ಈಗ ಬ್ರಿಟಿಷ್ ಲೈಬ್ರರಿಯಲ್ಲಿರುವ ಲಟ್ರೆಲ್ ಸಾಲ್ಟರ್ ಎಂಬ, ಬೈಬಲ್ಲಿನ ಕೀರ್ತನೆಗಳ ಸಚಿತ್ರ ಹಸ್ತಪ್ರತಿಯ 202ನೇ ಹಾಳೆಯ ಹಿಂಬದಿಯ ಚಿತ್ರವನ್ನು ಮೊದಲೇ ಅಂತರಜಾಲದಲ್ಲಿ ನೋಡಿಕೊಂಡು ಬರಬೇಕೆಂದು ಕೋರುತ್ತೇನೆ. ಕುದುರೆಯೇರಿದ ಜೆಫ್ರಿಗೆ ಪತ್ನಿ ಆಗ್ನೆಸ್ ಶಿರಸ್ತ್ರಾಣವನ್ನು ಎತ್ತಿ ಕೊಡುತ್ತಿದ್ದಾಳೆ. ಹಿಂದೆ ಸೊಸೆ ಬಿಯಾಟ್ರಿಸ್ ಗುರಾಣಿ ಹಿಡಿದು ನಿಂತಿದ್ದಾಳೆ. ಇಬ್ಬರ ನಿಲುವಂಗಿಯ ಮೇಲೂ ಲಟ್ರೆಲ್ ಮನೆತನದ ಬೆಳ್ಳಿ ಹಕ್ಕಿಗಳ ಪಕ್ಕದಲ್ಲೇ ತವರಿನ ಲಾಂಛನವೂ, ಅಂದರೆ ಆಗ್ನೆಸ್‌ಗೆ ಸಟನ್ ಮತ್ತು ಬಿಯಾಟ್ರಿಸ್‌ಗೆ ಸ್ಕ್ರೋಪ್ ಮನೆತನದ್ದು, ಇರುವುದನ್ನು ದಯವಿಟ್ಟು ಗಮನಿಸಿ. ಮದುವೆಯ ಮೂಲಕ ಮನೆತನಗಳು ಬೆಸೆದುಕೊಂಡ ಬಗೆ ಇಷ್ಟು ಸ್ಪಷ್ಟವಾಗಿ ಕಾಣುವ ಇನ್ನೊಂದು ಪುಟವನ್ನು ನಾನಂತೂ ನೋಡಿಲ್ಲ.

ತನ್ನ ಆತ್ಮಶಾಂತಿಗಾಗಿ 20 ಪಾದ್ರಿಗಳು 5 ವರ್ಷ ಪ್ರಾರ್ಥನೆ ಸಲ್ಲಿಸಬೇಕೆಂದು ಅವನು ಬರೆಸಿದ ಉಯಿಲಿನ ಬಗ್ಗೆ ಮಾತನಾಡಲು ಒಬ್ಬರು ಬೇಕಾಗಿದ್ದಾರೆ. ಮುಂದೆ ಬರುವವರು ಹಾಗೂ ಕೂಟಕ್ಕೆ ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ. ಕೊಂಡಿಯನ್ನು ಶನಿವಾರ ಕಳುಹಿಸುತ್ತೇನೆ.