ಕಳವಾದ ಫೋನು ‘ಕಳೆದುಹೋಗಿದ್ದು’ ಹೇಗಾಯಿತು?

ಮಾನ್ಯರೇ,

ಹೋದ ಬುಧವಾರ ಬೆಳಿಗ್ಗೆ 11ಕ್ಕೆ ನಮ್ಮ ಬಡಾವಣೆಯ ಜನರ ಜೊತೆ ಪೊಲೀಸರ ಬೀಟ್ ಸಭೆ ನಡೆಯಿತು. ಯುಗಾದಿಯಿಂದ ಈಚೆಗೆ ಇಲ್ಲಿ ಆಗಿರುವುದು ನಾಲ್ಕೇ ಪ್ರಕರಣ, ಅಪರಾಧ ಕಡಿಮೆಯಾಗಿದೆ ಎಂದರು. ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ.

ದಾವಣಗೆರೆಯಲ್ಲಿ 19 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಅಂಗಡಿ ಬಸ್ ಸ್ಟಾಪಿನ ಎದುರಿಗೇ ಇದೆ. ಅಳತೆ ಕೊಡಲು ನಿಂತ ಹೆಂಗಸರು ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆಯೇ? ಕೇಳಿದ್ದನ್ನೆಲ್ಲ ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಡುತ್ತಾ ಬಂದೆ. ಯುಗಾದಿಯಿಂದ ಈಚೆಗೆ 17 ಆಗಿವೆ. ಎರಡು ಬೈಕು, ಒಂದು ಸರ, ಒಂದು ಮನೆ ಕಳವು. ಈ ನಾಲ್ಕಕ್ಕೆ ಎಫ್‌ಐಆರ್ ಆಗಿದೆ. ಪೊಲೀಸರು ಸುಳ್ಳು ಹೇಳಲಿಲ್ಲ. ಉಳಿದ 13 ಅವರ ಪುಸ್ತಕಕ್ಕೇ ಹೋಗಿಲ್ಲ, ಅಷ್ಟೇ.

ಅದರಲ್ಲಿ ಒಂಬತ್ತು ಮೊಬೈಲ್. ಒಂದು ನನ್ನದೇ. ಠಾಣೆಗೆ ಹೋದರೆ, ‘ಕಳವು ಅಂತ ಬೇಡ ಅಕ್ಕಾ, ಕಳೆದುಹೋಗಿದೆ ಅಂತ ಆನ್‌ಲೈನ್‌ನಲ್ಲಿ ಹಾಕಿ, ಸಿಮ್ ಬೇಗ ಸಿಗುತ್ತೆ’ ಎಂದರು. ಹಾಕಿದೆ. ಸಿಮ್ ಬೇಗನೇ ಸಿಕ್ಕಿತು. ಕಳೆದ ಫೋನ್ ಯಾರೂ ಬಳಸದಂತೆ ತಡೆಯುವ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಫೋನ್ ಬ್ಲಾಕ್ ಕೂಡ ಆಯಿತು. ಆ ವ್ಯವಸ್ಥೆ ಒಳ್ಳೆಯದೇ, ಪಕ್ಕದ ಮನೆಯವರಿಗೆ ಫೋನೇ ವಾಪಸ್ ಬಂದಿದೆ. ಆದರೆ ನನ್ನ ಕೈಯಿಂದ ಕಿತ್ತುಕೊಂಡು ಓಡಿದ್ದು ನಾನೇ ಬೀಳಿಸಿಕೊಂಡ ಹಾಗಾಯಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಿತ್ತುಕೊಂಡು ಹೋಗುವುದಕ್ಕೇ 304ನೇ ಕಲಂ ಇದೆ ಎಂದು ನಮ್ಮ ಗಿರಾಕಿಯೊಬ್ಬರು, ವಕೀಲರು, ಆಮೇಲೆ ಹೇಳಿದರು. ಇನ್ನೊಂದನ್ನೂ ಹೇಳಿದರು. ಕಿತ್ತುಕೊಳ್ಳದೆ ಬರೀ ಕದ್ದಿದ್ದಾದರೆ, ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದಾಗ ಪೊಲೀಸರು ತಾವಾಗಿ ತನಿಖೆಗೆ ಇಳಿಯುವಂತಿಲ್ಲ, ಮ್ಯಾಜಿಸ್ಟ್ರೇಟರ ಆದೇಶ ಬೇಕಂತೆ. ಅಗ್ಗದ ಸೆಕೆಂಡ್ ಹ್ಯಾಂಡ್ ಫೋನ್ ಕಳವಾದವರ ಕಥೆ ಅಲ್ಲಿಗೇ ಮುಗಿಯಿತು ಅಲ್ವಾ?

ಮಿಕ್ಕ ನಾಲ್ಕು ಆನ್‌ಲೈನ್ ಮೋಸ. ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ಹಣ ತಡೆಹಿಡಿಯಲು ಒಂದು ದಾರಿ ಇರುತ್ತಿತ್ತು. ಮೂವರು ಮಾಡಲೇ ಇಲ್ಲ. ಗಂಡನಿಗೆ ಗೊತ್ತಾಗುತ್ತದೆಂಬ ಭಯ. ಒಬ್ಬರು ಮಾಡಿದರು, ಮೂರು ದಿನ ಬಿಟ್ಟು.

ಸಭೆಯಲ್ಲಿ ಇದ್ಯಾವುದೂ ಬರಲಿಲ್ಲ. ಮಹಾದ್ವಾರಕ್ಕೆ ಮತ್ತು ಪಾರ್ಕಿಗೆ ಸಿಸಿಟಿವಿ ಹಾಕಬೇಕು, ಟೈಲ್ಸ್ ಕೆಲಸಕ್ಕೆ ಹೊರಗಿನಿಂದ ಬಂದ ಹುಡುಗರ ಮೇಲೆ ಕಣ್ಣಿಡಬೇಕು ಎಂದು ತೀರ್ಮಾನವಾಯಿತು. ನನ್ನ ಪುಸ್ತಕದಲ್ಲಿ ಆ ಹುಡುಗರಲ್ಲಿ ಒಬ್ಬನ ಹೆಸರೂ ಇದೆ. ಫೋನ್ ಕಳಕೊಂಡವರ ಸಾಲಿನಲ್ಲಿ.

ಒಂಬತ್ತರಲ್ಲಿ ಏಳು ಫೋನ್ ಹೋಗಿದ್ದು ಒಂದೇ ಓಣಿಯಲ್ಲಿ, ಸಂಜೆ ಏಳರಿಂದ ಒಂಬತ್ತರ ಒಳಗೆ. ಬಸ್ ಇಳಿದು ಒಳಗಿನ ಮನೆಗಳಿಗೆ ಹೋಗುವ ದಾರಿ ಅದು. ಎರಡು ಬೀದಿದೀಪ ಕೆಟ್ಟು ತಿಂಗಳುಗಳಾಗಿವೆ. ಆ ದಾರಿಯಲ್ಲಿ ನಡೆಯುವವರು ಬುಧವಾರ 11 ಗಂಟೆಗೆ ಕೆಲಸದಲ್ಲಿದ್ದರು. ಸಭೆಯಲ್ಲಿ ಇದ್ದವರಲ್ಲಿ ಪಿಂಚಣಿದಾರರೇ ಜಾಸ್ತಿ. ಅವರ ಭಯ ಸುಳ್ಳು ಅನ್ನುತ್ತಿಲ್ಲ, ಒಂದು ಮನೆ ಕಳವು ಆಗಿದೆಯಲ್ಲ. ಆದರೆ ಯಾವುದು ಮೊದಲು ಎಂದು ತೀರ್ಮಾನಿಸುವಾಗ ಆದದ್ದನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಡವೇ?

ಠಾಣೆಯ ಬೋರ್ಡಿನಲ್ಲಿ ಪ್ರತಿ ತಿಂಗಳು ಎಫ್‌ಐಆರ್ ಜೊತೆಗೆ ‘ಕಳೆದುಹೋಗಿದೆ’ ಅರ್ಜಿಗಳ ಸಂಖ್ಯೆಯನ್ನೂ ಬೀದಿವಾರು ಬರೆಯಲಿ. ಜನರ ಹೆಸರು ಬೇಡ. ಮುಂದಿನ ಸಭೆ ಭಾನುವಾರ ಸಂಜೆ ಇಡಲಿ. ಕ್ಯಾಮೆರಾಕ್ಕೆ ಮೊದಲು ಆ ಎರಡು ದೀಪ ಹತ್ತಲಿ. ಕಂಬಗಳ ನಂಬರ್ ಬರೆದಿಟ್ಟಿದ್ದೇನೆ. ಪಾಲಿಕೆಯವರು ಬಂದರೆ ತೋರಿಸುತ್ತೇನೆ, ಅಂಗಡಿ ರಾತ್ರಿ ಎಂಟೂವರೆವರೆಗೂ ತೆಗೆದಿರುತ್ತದೆ.

– ಟೈಲರ್ ಅಂಗಡಿಯವಳು, ದಾವಣಗೆರೆ