ಅಪ್ಪನ ಮಂಡಿಗೆ ಒಗ್ಗುವ ಸಮುದ್ರದ ದಾರಿ

ಮೆಲ್ಬರ್ನ್
ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ. ಸವಿತಾಳ ಕೆಮ್ಮು ಹೋಯಿತು. ಚಿನ್ನು ದಿನಾ ಅಜ್ಜಿ ಯಾವಾಗ ಬರ್ತಾರೆ ಅಂತ ಕೇಳುತ್ತಾನೆ. ಗಿರಿಜತ್ತೆಗೂ ಪುಟ್ಟಿಗೂ ನೆನಪು ಹೇಳು.

ನಿನ್ನ ಕಾಗದ ಓದಿದಾಗಿನಿಂದ ಅದೇ ಯೋಚನೆ. ಅಪ್ಪನಿಗೆ ಮಂಡಿನೋವು ಮತ್ತೆ ಶುರುವಾಗಿದೆ, ಬಿ.ಪಿ.ಗೆ ಕೊಟ್ಟ ನೀರಿನ ಮಾತ್ರೆಯಿಂದ ಗಂಟೆಗೊಮ್ಮೆ ಎದ್ದು ಹೋಗಬೇಕಾಗುತ್ತದೆ, ಮೊನ್ನೆ ಶುಗರ್ ಇಳಿದು ಮೈಯೆಲ್ಲ ಬೆವರಿತು ಅಂತ ಬರೆದಿದ್ದೀಯ. ಆ ಸಮುದ್ರದ ಪ್ರವಾಸ ಬಿಟ್ಟುಬಿಡು, ನಾವು ಮನೆಯಲ್ಲೇ ಇದ್ದು ಮೊಮ್ಮಗನ್ನ ನೋಡಿಕೊಂಡು ಬರ್ತೀವಿ ಅಂತಲೂ ಬರೆದಿದ್ದೀಯ. ಬಿಡುವುದು ಬೇಡಮ್ಮ. ನೀನು ಹೇಳಿದ ಈ ಮೂರು ತೊಂದರೆಗಳನ್ನೇ ಮುಂದಿಟ್ಟುಕೊಂಡು ಇಡೀ ದಾರಿಯನ್ನು ಹೊಸದಾಗಿ ಯೋಚಿಸಿದ್ದೇನೆ. ಇದನ್ನು ಅಪ್ಪನಿಗೆ ಓದಿ ಹೇಳು, ಆಮೇಲೆ ಇಬ್ಬರೂ ತೀರ್ಮಾನ ಮಾಡಿ.

ಗ್ರೇಟ್ ಓಷನ್ ರೋಡ್ ಅನ್ನುವ ಈ ರಸ್ತೆ ಟಾರ್ಕಿ ಎಂಬ ಊರಿನಲ್ಲಿ ಶುರುವಾಗಿ ಅಲನ್ಸ್‌ಫರ್ಡ್‌ವರೆಗೆ 243 ಕಿ.ಮೀ. ಇದೆ. ನಮ್ಮ ಮನೆಯಿಂದ ಟಾರ್ಕಿಗೇ ಸುಮಾರು 100 ಕಿ.ಮೀ. ಪ್ರವಾಸಿ ಬಸ್ಸಿನವರು ಬೆಳಿಗ್ಗೆ ಹೊರಟು ರಾತ್ರಿ ವಾಪಸು ತಂದುಬಿಡುತ್ತಾರೆ. ಅಂದರೆ ಹನ್ನೆರಡು ಗಂಟೆಗೂ ಹೆಚ್ಚು, ಬಹುಪಾಲು ಕೂತೇ ಇರಬೇಕು. ವಯಸ್ಸಾದವರು ಸೋಲುವುದು ಅದರಲ್ಲೇ. ನಾವು ಅದನ್ನೇ ಮೂರು ದಿನಕ್ಕೆ ಹಂಚಿಕೊಳ್ಳೋಣ. ಮೊದಲ ರಾತ್ರಿ ಅಪೊಲೊ ಬೇಯಲ್ಲಿ, ಎರಡನೆಯದು ಪೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ. ಎಲ್ಲೂ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕೂರುವ ಹಾಗಿಲ್ಲ. ಪ್ರತಿ ನಿಲುಗಡೆಯಲ್ಲೂ ಅಪ್ಪ ಇಳಿದು ಐದು ನಿಮಿಷ ಓಡಾಡಲೇಬೇಕು. ಮಂಡಿ ಮಡಚಿಕೊಂಡೇ ಕೂತರೆ ಬಿಗಿದುಕೊಂಡು ಎದ್ದೇಳುವಾಗ ಜಾಸ್ತಿ ನೋಯುತ್ತದೆ.

ಗಂಟೆಗೊಮ್ಮೆ ಎದ್ದು ಹೋಗುವ ವಿಷಯಕ್ಕೆ ಮುಜುಗರವೇ ಬೇಡ. ಇಲ್ಲಿ ಕೇಂದ್ರ ಸರ್ಕಾರವೇ ಇಡೀ ದೇಶದ ಸಾರ್ವಜನಿಕ ಶೌಚಾಲಯಗಳ ನಕ್ಷೆ ಮಾಡಿ ಫೋನಿನಲ್ಲಿ ನೋಡುವ ಹಾಗೆ ಇಟ್ಟಿದೆ. ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆದಿರುತ್ತದೆ, ಗಾಲಿಕುರ್ಚಿ ಒಳಗೆ ಹೋಗುತ್ತದೋ ಇಲ್ಲವೋ, ಎಲ್ಲ ಬರೆದಿರುತ್ತದೆ. ಟಾರ್ಕಿ, ಆಂಗಲ್ಸೀ, ಲಾರ್ನ್, ಕೆನೆಟ್ ರಿವರ್, ಅಪೊಲೊ ಬೇ, ಲೇವರ್ಸ್ ಹಿಲ್, ಎಲ್ಲ ಕಡೆಯೂ ಇದೆ, ದುಡ್ಡು ಕೊಡಬೇಕಿಲ್ಲ. ನೀರಿನ ಮಾತ್ರೆಯನ್ನು ಪ್ರಯಾಣದ ದಿನ ಬೆಳಿಗ್ಗೆ ಬಿಟ್ಟು ಊರು ತಲುಪಿದ ಮೇಲೆ ತಗೋಬಹುದಾ ಅಂತ ಡಾಕ್ಟರನ್ನು ಒಂದು ಮಾತು ಕೇಳಿ. ಅವರು ಹೇಳದೆ ನೀವೇ ಬದಲಿಸಬೇಡಿ. ಅಪ್ಪ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ, ಅದಂತೂ ಕೂಡದು.

ಸೀಟಿನ ಲೆಕ್ಕ ಹೀಗೆ. ಟಾರ್ಕಿವರೆಗೆ ನೇರ ಹೆದ್ದಾರಿ, ಅಪ್ಪ ಮುಂದೆ ಕೂರಲಿ. ಆಂಗಲ್ಸೀ ದಾಟಿದ ಮೇಲೆ ತಿರುವುಗಳು ಶುರು. ಲಾರ್ನ್‌ನಿಂದ ಅಪೊಲೊ ಬೇಗೆ ಬರೀ 45 ಕಿ.ಮೀ., ಆದರೂ ಒಂದು ಗಂಟೆ ಬೇಕು. ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಸಮುದ್ರ, ನಡುವೆ ತಿರುವಿಗೆ ತಿರುವು ಅಂಟಿಕೊಂಡಿದೆ. ಆಗುಂಬೆ ಘಾಟಿಯಲ್ಲಿ ನಿನಗೆ ಹೊಟ್ಟೆ ತೊಳಸುತ್ತದಲ್ಲ, ಅದಕ್ಕೆ ಆ ಭಾಗದಲ್ಲಿ ನೀನು ಮುಂದೆ ಬಾ. ನಿನ್ನ ಸೀಟನ್ನು ಮುಂದಕ್ಕೆ ಎಳೆದರೆ ಅದರ ಹಿಂದೆ ಅಪ್ಪನಿಗೆ ಕಾಲು ಚಾಚುವಷ್ಟು ಜಾಗ ಸಿಗುತ್ತದೆ. ಚಿನ್ನು ನನ್ನ ಹಿಂದೆ ಅವನ ಸೀಟಿನಲ್ಲಿ. ಏಳು ವರ್ಷದೊಳಗಿನ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಹಾಗಿಲ್ಲ, ಪ್ರತ್ಯೇಕ ಸೀಟೇ ಕಡ್ಡಾಯ. ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕು. ವಾಂತಿ ತಡೆಯುವ ಅವೊಮಿನ್ ಮಾತ್ರೆ ಊರಿನಿಂದಲೇ ತಂದುಬಿಡು. ಹತ್ತುವ ಹೊತ್ತಿಗೆ ನುಂಗಿದರೆ ಉಪಯೋಗವಿಲ್ಲ, ಒಂದೆರಡು ಗಂಟೆ ಮೊದಲೇ ತಗೋಬೇಕು. ನಿದ್ದೆ ಬರುತ್ತದೆ, ಬರಲಿ ಬಿಡು.

ಮೆಲ್ಬರ್ನ್ ಕಡೆಯಿಂದ ಪಶ್ಚಿಮಕ್ಕೇ ಹೋಗಬೇಕು ಅಂತ ನಾನು ಹಟ ಮಾಡುವುದಕ್ಕೂ ಕಾರಣ ಇದೆ. ಇಲ್ಲೂ ನಮ್ಮ ಹಾಗೇ ಎಡಗಡೆಯಲ್ಲಿ ಗಾಡಿ ಓಡಿಸುವುದು. ಪಶ್ಚಿಮಕ್ಕೆ ಹೊರಟರೆ ಸಮುದ್ರ ಎಡಕ್ಕೇ ಇರುತ್ತದೆ, ನೀವಿಬ್ಬರೂ ಕೂರುವುದೂ ಆ ಪಕ್ಕವೇ. ಸಮುದ್ರದ ಬದಿಯ ನಿಲುಗಡೆಗಳಿಗೆಲ್ಲ ಎದುರು ಗಾಡಿಗಳನ್ನು ಅಡ್ಡ ಹಾಯದೆ ಸುಮ್ಮನೆ ಎಡಕ್ಕೆ ಸರಿದು ನಿಲ್ಲಿಸಬಹುದು. ವಾಪಸು ಬರುವಾಗ ಈ ರಸ್ತೆಯೇ ಬೇಡ. ಪೋರ್ಟ್ ಕ್ಯಾಂಪ್‌ಬೆಲ್‌ನಿಂದ ಒಳನಾಡಿನ ರಸ್ತೆ ಹಿಡಿದು ಕೊಲಾಕ್ ಮೇಲೆ ಬಂದರೆ ಮೂರು ಗಂಟೆಯೊಳಗೆ ಮನೆ. ನಡುವೆ ಕೊಲಾಕ್‌ನಲ್ಲೊಮ್ಮೆ, ಜೀಲಾಂಗ್‌ನಲ್ಲೊಮ್ಮೆ ಇಳಿದರಾಯಿತು. ಬಂದ ತಿರುವುಗಳನ್ನೇ ಮತ್ತೆ ಸುತ್ತಿಕೊಂಡು ಬರುವವರೇ ಸುಸ್ತಾಗುವುದು.

ಗಿರಿಜತ್ತೆ ಮರವಂತೆಯಲ್ಲಿ ಇಲ್ಲದ ಸಮುದ್ರ ಅಲ್ಲೇನಿದೆ ಅಂದಳಂತೆ. ಇದೆ ಅಂತ ಹೇಳು. ಅಪ್ಪ ಪಿ.ಡಬ್ಲ್ಯು.ಡಿ.ಯಲ್ಲಿ ರಸ್ತೆ ಮಾಡಿಸಿದವರು, ಅವರಿಗೆ ಈ ರಸ್ತೆಯನ್ನೇ ತೋರಿಸಬೇಕು. ಮೊದಲ ಮಹಾಯುದ್ಧದಿಂದ ಬದುಕಿ ಬಂದ ಸುಮಾರು 3,000 ಸೈನಿಕರು 1919ರಿಂದ ಗುದ್ದಲಿ, ಪಿಕಾಸಿ, ಸಿಡಿಮದ್ದುಗಳಿಂದ ಬೆಟ್ಟದ ಅಂಚು ಕಡಿದು ಕಡಿದು 1932ರಲ್ಲಿ ಮುಗಿಸಿದ್ದು. ಯುದ್ಧದಲ್ಲಿ ಸತ್ತ ಜೊತೆಗಾರರಿಗೆ ಅದೇ ಸ್ಮಾರಕ. ಈಸ್ಟರ್ನ್ ವ್ಯೂ ಎಂಬಲ್ಲಿ ರಸ್ತೆಗೆ ಅಡ್ಡವಾಗಿ ಮರದ ಕಮಾನು ಇದೆ, ಪಕ್ಕದಲ್ಲಿ ನಿಲ್ಲಿಸಲು ಜಾಗವೂ ಇದೆ. ಹಿಂದೆ ಅಲ್ಲಿ ಟೋಲ್ ವಸೂಲಿ ಮಾಡುತ್ತಿದ್ದರು. 1936ರಲ್ಲಿ ರಸ್ತೆಯನ್ನು ಸರ್ಕಾರಕ್ಕೆ ಒಪ್ಪಿಸಿ ಅದನ್ನೂ ನಿಲ್ಲಿಸಿದರು. ಬೆಟ್ಟದ ಕಲ್ಲು ಜಾರದ ಹಾಗೆ ಬಲೆ ಹೊದಿಸಿರುವುದನ್ನು ಅಪ್ಪ ಖಂಡಿತ ಇಳಿದು ಮುಟ್ಟಿ ನೋಡಲು ಹೊರಡುತ್ತಾರೆ. ಅಲ್ಲಿ ರಸ್ತೆಯಂಚು ಕಿರಿದು, ಅದೊಂದು ಮಾತ್ರ ಬೇಡ ಅಂತ ಈಗಲೇ ಹೇಳಿಡು.

ಆಂಗಲ್ಸೀಯ ಗಾಲ್ಫ್ ಮೈದಾನದಲ್ಲಿ ಕಾಂಗರೂಗಳು ಹಿಂಡುಹಿಂಡಾಗಿ ಮೇಯುತ್ತಿರುತ್ತವೆ. ಆಡುವವರು ಅವುಗಳ ಪಾಡಿಗೆ ಅವನ್ನು ಬಿಟ್ಟು ಆಡುತ್ತಾರೆ. ಕೆನೆಟ್ ರಿವರ್‌ನಲ್ಲಿ ನೀಲಗಿರಿ ಮರದ ಕವಲುಗಳಲ್ಲಿ ಕೊಆಲಾ ಹುಡುಕಬೇಕು. ಬೂದುಬಣ್ಣದ ಗಂಟಿನ ಹಾಗೆ ಕಂಡರೆ ಅದೇ. ಹತ್ತಿರ ಹೋಗಿ ಮುಟ್ಟಬಾರದು. ಏರೀಸ್ ಇನ್ಲೆಟ್‌ನ ದೀಪಸ್ತಂಭವನ್ನು ಕೆಳಗಿನಿಂದಲೇ ನೋಡೋಣ, ಒಳಗೆ ಬರೀ ಮೆಟ್ಟಿಲು. ಲಾರ್ನ್ ಮೇಲಿನ ಟೆಡ್ಡೀಸ್ ಲುಕೌಟ್‌ಗೆ ಕಾರಿನಲ್ಲೇ ಹತ್ತಬಹುದು. ಕೆಳಗೆ ನದಿ ಸಮುದ್ರ ಸೇರುವುದೂ ರಸ್ತೆ ಬೆಟ್ಟವನ್ನು ಬಳಸಿ ಹೋಗುವುದೂ ಒಟ್ಟಿಗೇ ಕಾಣುತ್ತದೆ. ಆ ಕಡೆಯ ಜಲಪಾತ ಬೇಡ. ಇಳಿಯುವುದೇನೋ ಸುಲಭ, ಹತ್ತಿ ಬರಬೇಕಲ್ಲ.

ಎರಡನೆಯ ದಿನವೇ ಮುಖ್ಯ. ಅಪೊಲೊ ಬೇಯಿಂದ ರಸ್ತೆ ಸಮುದ್ರ ಬಿಟ್ಟು ಆಟ್ವೇ ಕಾಡಿನೊಳಕ್ಕೆ ಹೋಗುತ್ತದೆ. ಅಲ್ಲಿ ಫೋನಿಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡು, ಅಪೊಲೊ ಬೇಯಲ್ಲೇ ಪೆಟ್ರೋಲ್ ತುಂಬಿಸಿಕೊಂಡು ಹೊರಡುತ್ತೇವೆ. ಎರಡು ಮೂರು ಗಂಟೆ ನಿಮ್ಮ ಫೋನಿಗೆ ಸಿಗದಿದ್ದರೆ ಪುಟ್ಟಿ ಗಾಬರಿಯಾಗುವುದು ಬೇಡ, ಅವಳಿಗೆ ತಿಳಿಸಿರು. ಲೇವರ್ಸ್ ಹಿಲ್‌ನಲ್ಲಿ ಕಾಫಿ. ಅಲ್ಲಿಂದ ಇಳಿದರೆ ಟ್ವೆಲ್ವ್ ಅಪೋಸಲ್ಸ್. ಸಮುದ್ರದ ನಡುವೆ ನಿಂತ ಸುಣ್ಣಕಲ್ಲಿನ ಕಂಬಗಳು, ಎತ್ತರದ್ದು 45 ಮೀಟರ್ ಇದೆ. ಹೆಸರಿಗೆ ಹನ್ನೆರಡು, ಆದರೆ ಹನ್ನೆರಡು ಯಾವತ್ತೂ ಇರಲಿಲ್ಲ. 2005ರ ಜುಲೈನಲ್ಲಿ ಒಂದು ಕಂಬ ಕುಸಿದು ಎಂಟು ಉಳಿದವು. ಅಲೆ ಬುಡವನ್ನು ಕೊರೆಯುತ್ತಲೇ ಇರುತ್ತದೆ. ಮೊದಲು ಬಂಡೆಯಲ್ಲಿ ಗವಿ, ಗವಿ ತೂತಾಗಿ ಕಮಾನು, ಕಮಾನು ಬಿದ್ದರೆ ಕಂಬ, ಕೊನೆಗೆ ಕಂಬವೂ ಬೀಳುತ್ತದೆ. ಕಾರು ನಿಲ್ಲಿಸುವ ಜಾಗದಿಂದ ರಸ್ತೆಯ ಅಡಿಯ ಸುರಂಗ ದಾಟಿ ಹತ್ತು ಹದಿನೈದು ನಿಮಿಷ ನಡೆದರೆ ನೋಡುವ ಕಟ್ಟೆ ಸಿಗುತ್ತದೆ. ಮೆಟ್ಟಿಲಿಲ್ಲದ ದಾರಿಯಿದೆ. ಬಾಡಿಗೆಗೆ ಗಾಲಿಕುರ್ಚಿಯನ್ನೂ ತಂದಿಟ್ಟುಕೊಳ್ಳುತ್ತೇನೆ. ಅಪ್ಪ ಬೇಡ ಅಂದರೂ ಡಿಕ್ಕಿಯಲ್ಲಿ ಇರಲಿ. ಪಕ್ಕದ ಗಿಬ್ಸನ್ ಸ್ಟೆಪ್ಸ್ ನಮಗೆ ಬೇಡ, ಅಲ್ಲಿ 86 ಮೆಟ್ಟಿಲು.

ಲಾಕ್ ಆರ್ಡ್ ಕಮರಿಯನ್ನು ಮೇಲಿನಿಂದ ನೋಡಿದರೂ ಸಾಕು. 1878ರ ಜೂನ್ 1ರಂದು ಇಂಗ್ಲೆಂಡಿನಿಂದ ಬಂದ ಅದೇ ಹೆಸರಿನ ಹಡಗು ಇನ್ನೇನು ಮೆಲ್ಬರ್ನ್ ಸೇರಬೇಕು ಅನ್ನುವಾಗ ಇಲ್ಲಿ ಬಂಡೆಗೆ ಬಡಿಯಿತು. ಐವತ್ತನಾಲ್ಕು ಜನರಲ್ಲಿ ಇಬ್ಬರೇ ಉಳಿದರು, ಟಾಮ್ ಪಿಯರ್ಸ್ ಎಂಬ ಹುಡುಗ ಮತ್ತು ಈವಾ ಕಾರ್ಮೈಕಲ್ ಎಂಬ ಹುಡುಗಿ. ಅವನು ಈಜಿ ದಡ ಸೇರಿದವನು, ಅವಳ ಕೂಗು ಕೇಳಿ ಮತ್ತೆ ನೀರಿಗಿಳಿದು ಎಳೆದು ತಂದ. ಅದೇ ಹಡಗಿನಲ್ಲಿದ್ದ ಸುಮಾರು ಒಂದೂವರೆ ಮೀಟರ್ ಎತ್ತರದ ಪಿಂಗಾಣಿ ನವಿಲು ಪೆಟ್ಟಿಗೆ ಸಮೇತ ತೇಲಿ ದಡಕ್ಕೆ ಬಂತು. ಈಗ ವಾರ್ನಂಬೂಲ್‌ನ ಮ್ಯೂಸಿಯಮ್ಮಿನಲ್ಲಿದೆ. ಅಷ್ಟು ದೂರ ಈ ಸಲ ಬೇಡ. ಅದರ ಬದಲು ಲಂಡನ್ ಬ್ರಿಜ್ ಅನ್ನುವ ಸಮುದ್ರದ ಬಂಡೆ ನೋಡೋಣ, ಕಾರು ನಿಲ್ಲಿಸಿದಲ್ಲಿಂದ ಹತ್ತಿರ. 1990ರ ಜನವರಿಯಲ್ಲಿ ದಡಕ್ಕೆ ತಾಗಿದ ಕಮಾನು ಕುಸಿದು, ಆಚೆ ತುದಿಯಲ್ಲಿದ್ದ ಇಬ್ಬರನ್ನು ಹೆಲಿಕಾಪ್ಟರಿನಲ್ಲಿ ಕರೆತಂದರು. ಅದಕ್ಕೇ ಹೇಳುವುದು, ಎಲ್ಲೂ ಬೇಲಿ ದಾಟಿ ಅಂಚಿಗೆ ಹೋಗಬಾರದು. ಮೇಲೆ ಹುಲ್ಲಿರುತ್ತದೆ, ಕೆಳಗೆ ಪೊಳ್ಳಿರುತ್ತದೆ.

ಮಾರ್ಚ್ ಮಧ್ಯದಲ್ಲಿ ಸೂರ್ಯ ಮುಳುಗುವುದು ಏಳೂವರೆ ದಾಟಿದ ಮೇಲೆ. ಅದನ್ನು ನೋಡಿಕೊಂಡು ಪೋರ್ಟ್ ಕ್ಯಾಂಪ್‌ಬೆಲ್‌ಗೆ 12 ಕಿ.ಮೀ. ಅಷ್ಟೆ. ಕತ್ತಲಾದ ಮೇಲೆ ಕಾಂಗರೂ, ಅದರದೇ ಸಣ್ಣ ಜಾತಿಯ ವಾಲಬಿ ಧುತ್ತೆಂದು ಅಡ್ಡ ಬರುತ್ತವೆ, ದೂರ ಓಡಿಸುವುದು ಅಪಾಯ. ಎರಡನೆಯ ರಾತ್ರಿಗೆ ಆ ಊರನ್ನೇ ಆರಿಸಿದ್ದು ಇದಕ್ಕೆ. ಮಾರ್ಚಿನ ಎರಡನೇ ಸೋಮವಾರ ಇಲ್ಲಿ ಕಾರ್ಮಿಕ ದಿನದ ರಜೆ. ಆ ವಾರಾಂತ್ಯದಲ್ಲೂ ಈಸ್ಟರ್‌ನಲ್ಲೂ ರೂಮು ಸಿಗುವುದು ಕಷ್ಟ. ಮಂಗಳವಾರ ಹೊರಟು ಗುರುವಾರ ಬರೋಣ.

ಇನ್ನು ಶುಗರ್. ನನ್ನ ನಿಜವಾದ ಯೋಚನೆ ಇದೊಂದೇ. ಸಣ್ಣ ಊರುಗಳಲ್ಲಿ ಹೋಟೆಲಿನ ಅಡುಗೆಮನೆ ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಮುಚ್ಚಿಬಿಡುತ್ತದೆ. ಹೋಟೆಲ್ ನಂಬಿ ಮೊದಲೇ ಇನ್ಸುಲಿನ್ ತಗೊಂಡು, ಊಟ ತಡವಾದರೆ ಮೊನ್ನೆ ಆದ ಹಾಗೇ ಆಗುತ್ತದೆ. ಅದಕ್ಕೆ ಎರಡೂ ರಾತ್ರಿ ಅಡುಗೆಮನೆ ಇರುವ ಮನೆಯನ್ನೇ ಗೊತ್ತು ಮಾಡುತ್ತೇನೆ. ಕುಕ್ಕರ್, ಅಕ್ಕಿ, ಸಾರಿನ ಪುಡಿ ನಮ್ಮ ಜೊತೆ ಇರುತ್ತದೆ. ಮಧ್ಯಾಹ್ನಕ್ಕೆ ಚಪಾತಿ ಕಟ್ಟಿಕೊಳ್ಳೋಣ. ತಟ್ಟೆ ಮುಂದೆ ಬಂದ ಮೇಲೇ ಇನ್ಸುಲಿನ್. ಅದೂ ಡಾಕ್ಟರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಗ್ಲೂಕೋಸ್ ಅಪ್ಪನ ಜೇಬಿನಲ್ಲೇ ಇರಬೇಕು, ನಿನ್ನ ಬ್ಯಾಗಿನಲ್ಲಿ ಅಲ್ಲ. ನಿಂತ ಕಾರು ಬಿಸಿಲಿಗೆ ಒಲೆಯಾಗುತ್ತದೆ, ಇನ್ಸುಲಿನ್ ಕೆಡುತ್ತದೆ. ಇಳಿದಾಗೆಲ್ಲ ತಂಪು ಚೀಲ ಹೆಗಲಿಗೆ. ವಿಮಾನದಲ್ಲೂ ಕೈಚೀಲದಲ್ಲೇ ಇಡಿ, ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಬೇಡ. ಮಾತ್ರೆಗಳನ್ನು ಅವುಗಳ ಮೂಲ ಪ್ಯಾಕಿನಲ್ಲೇ, ಡಾಕ್ಟರರ ಇಂಗ್ಲಿಷ್ ಚೀಟಿಯ ಜೊತೆ ತನ್ನಿ.

ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆ, ಬಿ.ಪಿ. ಎರಡನ್ನೂ ಮುಚ್ಚಿಡದೆ ಬರೆಸಿ. ಬರೆಸದಿದ್ದರೆ ಕೊನೆಗೆ ದುಡ್ಡು ಕೊಡುವುದಿಲ್ಲ. ಪ್ರವಾಸಕ್ಕೆ ಬಂದವರಿಗೆ ಇಲ್ಲಿ ಸರ್ಕಾರದ ಚಿಕಿತ್ಸೆ ಪುಕ್ಕಟೆ ಸಿಗದು, ಆಂಬುಲೆನ್ಸ್ ಬಾಡಿಗೆಯೇ ಬಹಳ. ಅದೂ ವಿಮೆಯಲ್ಲಿ ಸೇರಿದೆಯಾ ಅಂತ ನೋಡಿ. ಲಾರ್ನ್‌ನಲ್ಲೂ ಅಪೊಲೊ ಬೇಯಲ್ಲೂ ಸಣ್ಣ ಆಸ್ಪತ್ರೆಗಳಿವೆ, ಕೊಲಾಕ್, ವಾರ್ನಂಬೂಲ್, ಜೀಲಾಂಗ್‌ನಲ್ಲಿ ದೊಡ್ಡವು. ಮೂರು ಸೊನ್ನೆ ಒತ್ತಿದರೆ ಆಂಬುಲೆನ್ಸ್. ಏನೂ ಆಗುವುದಿಲ್ಲ ಅಮ್ಮ, ಖಂಡಿತ ಏನೂ ಆಗುವುದಿಲ್ಲ. ನಾನಿದ್ದೇನೆ, ಸವಿತಾ ಇದ್ದಾಳೆ. ಎರಡನೆಯ ದಿನ ಬೆಳಿಗ್ಗೆ ಅಪ್ಪನಿಗೆ ಸುಸ್ತು ಅನ್ನಿಸಿದರೆ ಅಪೊಲೊ ಬೇಯಿಂದಲೇ ತಿರುಗಿ ಬರೋಣ, ರೂಮಿನ ದುಡ್ಡು ಹೋದರೆ ಹೋಗಲಿ. ಮಾರ್ಚ್ ಇಲ್ಲಿ ಬೇಸಿಗೆ ಮುಗಿದ ಕಾಲ, ಆದರೂ ಬೆಂಕಿಯೋ ಭೂಕುಸಿತವೋ ಆಗಿ ರಸ್ತೆ ಮುಚ್ಚಿದ್ದರೆ ಹೊರಡುವುದೇ ಇಲ್ಲ. ಹೊರಡುವ ದಿನ ಬೆಳಿಗ್ಗೆ ನೋಡಿಯೇ ತೀರ್ಮಾನ.

ಸ್ವೆಟರ್, ಕಿವಿಗೆ ಮಫ್ಲರ್ ಮರೆಯಬೇಡಿ, ಬಿಸಿಲಿದ್ದರೂ ಗಾಳಿ ಕೊರೆಯುತ್ತದೆ. ಅಪ್ಪನಿಗೆ ಚಪ್ಪಲಿ ಬೇಡ, ಹಿಡಿತವಿರುವ ಶೂ. ಪೇಡ, ಬರ್ಫಿ ಏನೂ ತರಬೇಡ, ಹಾಲಿನ ಸಿಹಿಯನ್ನು ವಿಮಾನ ನಿಲ್ದಾಣದಲ್ಲೇ ತೆಗೆದು ಬಿಸಾಡುತ್ತಾರೆ. ಬೇರೆ ಯಾವ ತಿಂಡಿ ತಂದರೂ ಅವರು ಕೊಡುವ ಫಾರಂನಲ್ಲಿ ಬರೆಯಲೇಬೇಕು.

ಡಾಕ್ಟರ್ ಏನು ಹೇಳಿದರು ಅಂತ ಈ ವಾರವೇ ಫೋನ್ ಮಾಡಿಸು, ರೂಮು ಗೊತ್ತು ಮಾಡಬೇಕು. ಚಿನ್ನು ಎದ್ದು ಅಳುತ್ತಿದ್ದಾನೆ, ಉಳಿದದ್ದು ಫೋನಿನಲ್ಲಿ. ಅಪ್ಪನಿಗೆ ನಮಸ್ಕಾರ ಹೇಳು.

ಇಂತಿ ನಿನ್ನ ಮಗ,
ಸುರೇಶ